ಹಳೇ ಪಿಕಪ್‌ಗೆ ಹೊಸ ಸೂಪರ್‌ಚಾರ್ಜ್ಡ್ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೋರ್ಡ್ ಎಫ್-100, ಶೆವರ್ಲೆ ಸಿ10, ಡಾಡ್ಜ್ ಡಿ100 ತರದ ಹಳೇ ಅಮೆರಿಕನ್ ಪಿಕಪ್ ಒಂದನ್ನು ಇಟ್ಟುಕೊಂಡು, ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಸಮೇತ ಬಂದ ಹೊಸ ವಿ8 ಎಂಜಿನ್ (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವುದು) ಹಾಕಬೇಕು ಅಂತ ಯೋಚಿಸುತ್ತಿರುವವರಿಗೆ ಈ ಪುಟ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕ್, ಚಾಸಿ, ಸ್ಟೀರಿಂಗ್ ಕೆಲಸ ಮುಗಿಯುವ ತನಕ ಎಂಜಿನ್ ಮೂಲೆಯಲ್ಲೇ ಇರಲಿ. ಹಳೇ ಟ್ರಕ್ಕಿನ ತಗಡನ್ನು ಎಷ್ಟು ಕಡಿಮೆ ಕತ್ತರಿಸುತ್ತೀರೋ ಅಷ್ಟು ಒಳ್ಳೆಯದು. ಕೆಳಗಿನ ಉತ್ತರಗಳೆಲ್ಲ ಈ ಎರಡು ಮಾತಿನ ಸುತ್ತಲೇ ಇವೆ.

ಸೂಪರ್‌ಚಾರ್ಜರ್ ಏನು ಮಾಡುತ್ತೆ? ಟರ್ಬೊಗೂ ಇದಕ್ಕೂ ಏನು ವ್ಯತ್ಯಾಸ?

ಎರಡೂ ಮಾಡುವ ಕೆಲಸ ಒಂದೇ: ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಜಾಸ್ತಿ ಗಾಳಿಯನ್ನು ಒಳಗೆ ತುಂಬುವುದು. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಉರಿಸಬಹುದು. ಟರ್ಬೊ ತಿರುಗುವುದು ಹೊಗೆಯ ರಭಸದಿಂದ. ಸೂಪರ್‌ಚಾರ್ಜರ್ ತಿರುಗುವುದು ಕ್ರ್ಯಾಂಕ್ ಪುಲ್ಲಿಯಿಂದ ಬರುವ ಬೆಲ್ಟ್‌ನಿಂದ. ಹಾಗಾಗಿ ಎಕ್ಸಲೇಟರ್ ಒತ್ತಿದ ಕೂಡಲೇ ಒತ್ತಡ ಸಿದ್ಧವಾಗಿರುತ್ತೆ, ಕಾಯುವ ಮಾತಿಲ್ಲ.

ಇದರ ಮೂಲ ತುಂಬಾ ಹಳೆಯದು. ರೂಟ್ಸ್ ಮಾದರಿಯ ಬ್ಲೋವರ್‌ಗೆ 1860ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಆಗ ಅದು ಕುಲುಮೆಗಳಿಗೆ ಗಾಳಿ ಊದುವ ಯಂತ್ರವಾಗಿತ್ತು. ಇವತ್ತು ಜಿಎಂ (ಶೆವರ್ಲೆ, ಕ್ಯಾಡಿಲಾಕ್ ಮಾಡುವ ಜನರಲ್ ಮೋಟಾರ್ಸ್) ಮತ್ತು ಫೋರ್ಡ್ ಬಳಸುವ, ಈಟನ್ ಕಂಪನಿಯ ಟಿವಿಎಸ್ ಸೂಪರ್‌ಚಾರ್ಜರ್ ಅದರದೇ ಸುಧಾರಿತ ರೂಪ. ನಾಲ್ಕು ಹಲ್ಲುಗಳ, 160 ಡಿಗ್ರಿ ತಿರುಚಿದ ಎರಡು ರೋಟರ್‌ಗಳು ಒಂದರ ಸಂದಿಯಲ್ಲಿ ಒಂದು ಸುತ್ತುತ್ತವೆ. ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ ಇರುವುದು ಟ್ವಿನ್ ಸ್ಕ್ರೂ. ಅದು ಗಾಳಿಯನ್ನು ತನ್ನೊಳಗೇ ಹಿಂಡಿ ಹೊರಬಿಡುತ್ತೆ.

ಮಾಮೂಲಿ ವಿ8 ಸಾಲದಾ?

ತುಂಬಾ ಜನರಿಗೆ ಸಾಕು, ಖಂಡಿತ. ಸೂಪರ್‌ಚಾರ್ಜರ್ ಇಲ್ಲದ ಜಿಎಂನ 6.2 ಲೀಟರ್ ಎಲ್‌ಎಸ್3 ಕ್ರೇಟ್ ಎಂಜಿನ್ (ಪೆಟ್ಟಿಗೆಯಲ್ಲಿ ಬಿಡಿಯಾಗಿ ಮಾರುವ ಹೊಸ ಎಂಜಿನ್) 430 ಎಚ್‌ಪಿ ಕೊಡುತ್ತೆ. 1960ರ ದಶಕದ ಕೊನೆಯ ಸಿ10ರಲ್ಲಿ 350 ಕ್ಯೂಬಿಕ್ ಇಂಚಿನ ಎಂಜಿನ್‌ಗೆ 255 ಎಚ್‌ಪಿ ಅಂತ ಬರೆದಿರುತ್ತಿದ್ದರು, ಅದೂ ಗ್ರಾಸ್ ಲೆಕ್ಕ. ಅಂದರೆ ಸೈಲೆನ್ಸರ್, ಆಲ್ಟರ್ನೇಟರ್ ಯಾವುದೂ ಇಲ್ಲದೆ ಬೆಂಚಿನ ಮೇಲೆ ಅಳೆದದ್ದು. ನೆಟ್ ಲೆಕ್ಕ ರೂಢಿಗೆ ಬಂದಿದ್ದು 1972ರ ಹೊತ್ತಿಗೆ. ಹಾಗಾಗಿ ನಿಜವಾದ ಅಂತರ ಕಾಗದದಲ್ಲಿ ಕಾಣುವುದಕ್ಕಿಂತ ದೊಡ್ಡದು.

ಹಾಗಿದ್ದರೂ ಸೂಪರ್‌ಚಾರ್ಜರ್ ಯಾಕೆ ಬೇಕು? ಕೆಳಗಿನ ಆರ್‌ಪಿಎಂನಲ್ಲೇ ಸಿಗುವ ಎಳೆತಕ್ಕಾಗಿ. ಪಿಕಪ್‌ನ ಸ್ವಭಾವಕ್ಕೆ ಅದು ಚೆನ್ನಾಗಿ ಹೊಂದುತ್ತೆ. 6,500 ಆರ್‌ಪಿಎಂ ತನಕ ಕಿರುಚಿಸಬೇಕಿಲ್ಲ, 2,000ದಲ್ಲೇ ಗಾಡಿ ಮುನ್ನುಗ್ಗುತ್ತೆ. ಆ ಅನುಭವ ಬೇಕು ಅನ್ನುವವರು ಮುಂದೆ ಓದಿ.

ಯಾವ ಎಂಜಿನ್ ಒಳ್ಳೆಯದು?

ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು ಜಿಎಂನ ಎಲ್‌ಎಸ್‌ಎ. 6.2 ಲೀಟರ್, 1.9 ಲೀಟರ್ ಈಟನ್ ಸೂಪರ್‌ಚಾರ್ಜರ್. 2009ರಿಂದ 2015ರ ತನಕದ ಕ್ಯಾಡಿಲಾಕ್ ಸಿಟಿಎಸ್-ವಿಯಲ್ಲಿ 556 ಎಚ್‌ಪಿ, 2012ರಿಂದ 2015ರ ಕಮಾರೊ ಝಡ್‌ಎಲ್1ರಲ್ಲಿ 580 ಎಚ್‌ಪಿ. ಇದು ಎಲ್‌ಎಸ್ ಕುಟುಂಬದ್ದು. ಹಳೇ ಶೆವರ್ಲೆ ಟ್ರಕ್‌ಗಳಿಗೆ ಎಲ್‌ಎಸ್ ಕೂರಿಸುವ ಮೌಂಟಿಂಗ್, ಆಯಿಲ್ ಚೇಂಬರ್, ಹೆಡರ್ (ಎಂಜಿನ್‌ನಿಂದ ಹೊಗೆ ಹೊರಗೊಯ್ಯುವ ಪೈಪುಗಳು) ಎಲ್ಲ ಸಿದ್ಧವಾಗಿ ಸಿಗುತ್ತವೆ. ಪೆಟ್ರೋಲ್ ವ್ಯವಸ್ಥೆಯೂ ಸರಳ.

ಹಳೇ ಎಲ್‌ಎಸ್‌ಎ ನೋಡಲು ಹೋದಾಗ ಐಡ್ಲಿಂಗ್‌ನಲ್ಲಿ ಸೂಪರ್‌ಚಾರ್ಜರ್ ಮೂತಿಯ ಹತ್ತಿರ ಕಿವಿ ಇಡಿ. ಕಟಕಟ ಅಂತ ಸಡಿಲ ಸದ್ದು ಬಂದರೆ ಒಳಗಿನ ಸ್ಪ್ರಿಂಗ್ ಐಸೊಲೇಟರ್ ಸವೆದಿದೆ ಅಂತ ಅರ್ಥ. ಇದು ಈ ಎಂಜಿನ್‌ನ ಹೆಸರುವಾಸಿ ತೊಂದರೆ. ರಿಪೇರಿ ಆಗುವಂಥದ್ದೇ, ಆದರೆ ವ್ಯಾಪಾರ ಕುದುರಿಸುವಾಗ ಗೊತ್ತಿರಬೇಕು.

ಎಲ್‌ಎಸ್9 ಅದರ ಅಣ್ಣ. 2009ರಿಂದ 2013ರ ಕಾರ್ವೆಟ್ ಝಡ್‌ಆರ್1ರದ್ದು, 638 ಎಚ್‌ಪಿ. ಇದರ ಲೂಬ್ರಿಕೇಷನ್ ಡ್ರೈ ಸಂಪ್, ಅಂದರೆ ಆಯಿಲ್ ಇರುವುದು ಎಂಜಿನ್ ಕೆಳಗಿನ ಚೇಂಬರ್‌ನಲ್ಲಲ್ಲ, ಬೇರೆ ಟ್ಯಾಂಕ್‌ನಲ್ಲಿ. ಆಯಿಲ್ ಟ್ಯಾಂಕ್‌ಗೆ ಬೇರೆ ಜಾಗ, ಅದರ ಪೈಪುಗಳಿಗೆ ದಾರಿ ಎರಡನ್ನೂ ಹುಡುಕಬೇಕು.

ಎಲ್‌ಟಿ4 ಇನ್ನೂ ಹೊಸದು, 650 ಎಚ್‌ಪಿ, ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್. 2015ರಿಂದ ಬಂದ ಕಾರ್ವೆಟ್ ಝಡ್06ರಿಂದ ತೆಗೆದದ್ದಾದರೆ ಡ್ರೈ ಸಂಪ್ ಇರುತ್ತೆ. 2017ರ ನಂತರದ ಕಮಾರೊ ಝಡ್‌ಎಲ್1ರದ್ದಾದರೆ ವೆಟ್ ಸಂಪ್, ಆಯಿಲ್ ಎಂಜಿನ್ ಕೆಳಗಿನ ಚೇಂಬರ್‌ನಲ್ಲೇ ಇರುತ್ತೆ. ಪಿಕಪ್‌ಗೆ ಎರಡನೆಯದನ್ನೇ ಹುಡುಕಿ.

ಡಾಡ್ಜ್ ಹೆಲ್‌ಕ್ಯಾಟ್ 6.2 ಹೆಮಿ 2015ರ ಮಾಡೆಲ್‌ನಲ್ಲಿ 707 ಎಚ್‌ಪಿಯೊಂದಿಗೆ ಬಂತು. ಎರಕದ ಕಬ್ಬಿಣದ ಬ್ಲಾಕ್, ಹಾಗಾಗಿ ಅಲ್ಯೂಮಿನಿಯಂ ಎಲ್‌ಎಸ್‌ಎಗಿಂತ ಮೂಗಿನ ಭಾರ ಜಾಸ್ತಿ. ಮುಂದಿನ ಸ್ಪ್ರಿಂಗ್ ಆರಿಸುವಾಗ ಇದು ಲೆಕ್ಕಕ್ಕೆ ಬರುತ್ತೆ.

ಫೋರ್ಡ್ ಅಭಿಮಾನಿಗಳಿಗೆ 2020ರ ಶೆಲ್ಬಿ ಜಿಟಿ500ರ 5.2 ಲೀಟರ್ ಪ್ರಿಡೇಟರ್ ಇದೆ, 760 ಎಚ್‌ಪಿ. ಅದರ ಸೂಪರ್‌ಚಾರ್ಜರ್ ತಲೆಕೆಳಗಾಗಿ ಕೂತಿದೆ, ಇಂಟರ್‌ಕೂಲರ್ (ಹಿಂಡಿದ ಗಾಳಿಯನ್ನು ತಣಿಸುವ ಭಾಗ) ಎರಡು ಸಾಲು ಸಿಲಿಂಡರ್‌ಗಳ ನಡುವಿನ ವಿ ಕಣಿವೆಯೊಳಗೆ ಅಡಗಿದೆ. ಎತ್ತರ ಸ್ವಲ್ಪ ಉಳಿಯುತ್ತೆ, ಆದರೆ ಒಂದೊಂದು ಹೆಡ್ ಮೇಲೆ ಎರಡೆರಡು ಕ್ಯಾಮ್ ಇರುವುದರಿಂದ ಅಗಲ ವಿಪರೀತ. ಜಿಟಿ500ರಲ್ಲಿ ಇದರ ಜೊತೆ ಬಂದಿದ್ದು 7 ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಮಾತ್ರ, ಅದನ್ನು ಹಳೇ ಟ್ರಕ್‌ನಲ್ಲಿ ಓಡಿಸುವುದು ದೊಡ್ಡ ತಲೆನೋವು.

ಇವೆಲ್ಲದರ ನಡುವೆ ಜನ ಮರೆಯುವ ಒಂದು ಎಂಜಿನ್ 1999ರಿಂದ 2004ರ ಫೋರ್ಡ್ ಎಫ್-150 ಲೈಟ್ನಿಂಗ್‌ನದ್ದು. 5.4 ಲೀಟರ್, ಮೊದಲು 360, 2001ರಿಂದ 380 ಎಚ್‌ಪಿ. ಹುಟ್ಟಿನಿಂದಲೇ ಪಿಕಪ್‌ನ ಎಂಜಿನ್, ಜೊತೆಗೆ ಗಟ್ಟಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹಳೇ ಎಫ್-100ಗೆ ಇಷ್ಟು ಶಕ್ತಿ ಬೇಕಾದಷ್ಟಾಯಿತು.

ಬರೀ ಎಂಜಿನ್ ಕೊಂಡರೆ ಸಾಕಾ?

ಸಾಲದು. ಅಪಘಾತವಾದ ಕಾರನ್ನು ಇಡಿಯಾಗಿ ಕೊಳ್ಳಿ, ಇಲ್ಲವೇ ಕಂಪ್ಯೂಟರ್, ವೈರಿಂಗ್, ಪೆಡಲ್ ಸಮೇತ ಬರುವ ಕ್ರೇಟ್ ಪ್ಯಾಕೇಜ್ ಕೊಳ್ಳಿ. ಬರೀ ಎಂಜಿನ್ ಅಗ್ಗಕ್ಕೆ ಸಿಕ್ಕಂತೆ ಕಾಣುತ್ತೆ. ಆಮೇಲೆ ಎಕ್ಸಲೇಟರ್ ಪೆಡಲ್, ಮಾಸ್ ಏರ್‌ಫ್ಲೋ ಸೆನ್ಸರ್ (ಎಂಜಿನ್ ಒಳಗೆ ಹೋಗುವ ಗಾಳಿ ಅಳೆಯುವುದು), ಇಂಟರ್‌ಕೂಲರ್ ಪಂಪ್, ಆಕ್ಸಿಜನ್ ಸೆನ್ಸರ್, ಆಲ್ಟರ್ನೇಟರ್ ಬ್ರಾಕೆಟ್ ಅಂತ ಒಂದೊಂದೇ ಹುಡುಕುತ್ತಾ ಹೋದರೆ ಉಳಿಸಿದ್ದೆಲ್ಲ ಕರಗುತ್ತೆ.

ಹೆಲ್‌ಕ್ಯಾಟ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕಾರಿನ ಮೂಲ ಕಂಪ್ಯೂಟರ್ ಕಳ್ಳತನ ತಡೆಯುವ ವ್ಯವಸ್ಥೆಯೊಂದಿಗೆ ಮತ್ತು ಕಾರಿನ ಬೇರೆ ಮಾಡ್ಯೂಲ್‌ಗಳೊಂದಿಗೆ ಸದಾ ಮಾತಾಡುತ್ತಿರುತ್ತೆ. ಅವು ಕಾಣದಿದ್ದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಡಾಡ್ಜ್‌ನ ಬಿಡಿಭಾಗಗಳ ಬ್ರ್ಯಾಂಡ್ ಮೋಪಾರ್‌ನ ಹೆಲ್‌ಕ್ರೇಟ್ ಕಿಟ್‌ನ ಕಂಪ್ಯೂಟರ್ ಇಂಥ ಬದಲಾವಣೆಗೆಂದೇ ಮಾಡಿದ್ದು.

ಯಾವ ಟ್ರಕ್ ಆರಿಸಿಕೊಳ್ಳಲಿ?

ಚಾಸಿಗೆ ತುಕ್ಕು ಹಿಡಿಯದ ಟ್ರಕ್. ಬಾಡಿಯ ತುಕ್ಕು ಕಣ್ಣಿಗೆ ಕಾಣುತ್ತೆ, ಚಾಸಿಯದು ಕಾಣುವುದಿಲ್ಲ. ಅದನ್ನು ಬಿಟ್ಟರೆ 1967ರಿಂದ 1972ರ ಸಿ10 ಮತ್ತು 1973ರಿಂದ 1987ರ ಚೌಕ ಮುಖದ ಸಿ10ಗಳಿಗೆ ಬಿಡಿಭಾಗ ಧಾರಾಳ, ಎಂಜಿನ್ ಕೋಣೆಯೂ ವಿಶಾಲ. 1953ರಿಂದ 1956ರ ಎಫ್-100 ನೋಡಲು ಬಲು ಚಂದ, ಆದರೆ ಎಂಜಿನ್ ಕೋಣೆ ಮುಂದಕ್ಕೆ ಹೋದಂತೆ ಕಿರಿದಾಗುತ್ತೆ.

ಒಂದು ಕೋರಿಕೆ. ಯಾರೂ ಮುಟ್ಟದೆ, ಮೂಲ ಎಂಜಿನ್ ಜೊತೆಗೇ ಉಳಿದು ಬಂದ ಟ್ರಕ್ ಸಿಕ್ಕಿದರೆ ಅದನ್ನು ಹಾಗೇ ಬಿಡಿ. ಎಂಜಿನ್ ಇಲ್ಲದೆ ನಿಂತಿರುವ, ಈಗಾಗಲೇ ಯಾರೋ ಕೈ ಆಡಿಸಿರುವ ಟ್ರಕ್‌ಗಳು ಬೇಕಾದಷ್ಟಿವೆ. ಅವಕ್ಕೆ ಜೀವ ಕೊಡಿ.

ಬ್ರೇಕ್ ಮೊದಲು ಅಂತ ಯಾಕೆ ಅಷ್ಟು ಒತ್ತಿ ಹೇಳುತ್ತೀರಿ?

ಲೆಕ್ಕ ಸರಳ. ವೇಗ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಅದರ ವರ್ಗದಷ್ಟು ಏರುತ್ತೆ. 100 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕೂ 160ರಿಂದ ನಿಲ್ಲಿಸುವುದಕ್ಕೂ ಎರಡೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಸಿ10ಗೆ ಮುಂದಿನ ಡಿಸ್ಕ್ ಬ್ರೇಕ್ ಬಂದಿದ್ದೇ 1971ರಲ್ಲಿ. ಅದಕ್ಕೂ ಹಿಂದಿನವಕ್ಕೆ ನಾಲ್ಕೂ ಕಡೆ ಡ್ರಮ್. 1967ಕ್ಕಿಂತ ಹಳೆಯ ಹಲವು ಟ್ರಕ್‌ಗಳಲ್ಲಿ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ. ಎಲ್ಲೋ ಒಂದು ಪೈಪ್ ತೂತಾದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಯಿತು.

ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಡಿಸ್ಕ್, ಹೊಸ ಪೈಪುಗಳು, ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್. ಇಷ್ಟು ಆಗಲೇಬೇಕು. ಖಾಲಿ ಪಿಕಪ್‌ನ ಹಿಂಭಾಗ ತುಂಬಾ ಹಗುರ, ಹಾಗಾಗಿ ಹಿಂದಿನ ಬ್ರೇಕ್ ಬೇಗ ಲಾಕ್ ಆಗುತ್ತೆ. ಆ ವಾಲ್ವ್ ಅದಕ್ಕೇ. ಬ್ರೇಕ್ ಬೂಸ್ಟರ್‌ಗೆ (ಪೆಡಲ್ ಒತ್ತುವ ಬಲ ಹೆಚ್ಚಿಸುವ ಡಬ್ಬ) ವ್ಯಾಕ್ಯೂಮ್ ಪೈಪ್ ಜೋಡಿಸುವಾಗ ಒಳ್ಳೆಯ ಒನ್‌ವೇ ವಾಲ್ವ್ ಹಾಕಿ. ಸೂಪರ್‌ಚಾರ್ಜರ್ ಒತ್ತಡ ಕಟ್ಟಿದಾಗ ಮ್ಯಾನಿಫೋಲ್ಡ್‌ನ ಗಾಳಿ ಬೂಸ್ಟರ್ ಕಡೆ ನುಗ್ಗಬಾರದು.

ಸೀಟ್ ಬೆಲ್ಟ್ ಮತ್ತು ಸ್ಟೀರಿಂಗ್ ಕಾಲಮ್ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಬಹಳ ಹಳೇ ಟ್ರಕ್‌ಗಳ ಸ್ಟೀರಿಂಗ್ ರಾಡ್ ಒಂದೇ ಉದ್ದನೆಯ ಕಬ್ಬಿಣ. ಮುಂದೆ ಗುದ್ದಿದರೆ ಅದು ನೇರ ಎದೆಗೆ ಬರುತ್ತೆ. ಒಳಗೆ ಕುಸಿಯುವ ಕಾಲಮ್ ಹಾಕಿ, ಮೂರು ಕಡೆ ಹಿಡಿಯುವ ಬೆಲ್ಟ್ ಹಾಕಿ. ಇದರಲ್ಲಿ ರಾಜಿ ಬೇಡವೇ ಬೇಡ.

ಹಳೇ ಚಾಸಿ ಇಷ್ಟು ಶಕ್ತಿ ತಡೆಯುತ್ತಾ?

ಹಾಗೇ ಬಿಟ್ಟರೆ ಕಷ್ಟ. ಹಳೇ ಪಿಕಪ್‌ಗಳ ಚಾಸಿ ಏಣಿಯಾಕಾರದ್ದು, ಎರಡು ಪಕ್ಕದ ತೊಲೆಗಳು ಒಂದು ಕಡೆ ಬಾಯಿ ತೆರೆದ ಸಿ ಚಾನಲ್. ಭಾರ ಹೊರಲು ಅದು ಚೆನ್ನಾಗಿದೆ, ತಿರುಚುವ ಬಲಕ್ಕೆ ಬಗ್ಗುತ್ತೆ. 550 ಪೌಂಡ್-ಅಡಿ ಟಾರ್ಕ್ ಒಮ್ಮೆಲೇ ಬಂದಾಗ ಚಾಸಿ ತಿರುಚಿ, ಬಾಗಿಲಿನ ಸಂದು ಹೆಚ್ಚುಕಮ್ಮಿ ಆಗುತ್ತೆ, ಮುಂದಿನ ಗಾಜು ಸೀಳುವುದೂ ಉಂಟು.

ಪರಿಹಾರ ಏನೆಂದರೆ ತೆರೆದ ಬಾಯಿಗೆ ಪ್ಲೇಟ್ ವೆಲ್ಡ್ ಮಾಡಿ ಪೆಟ್ಟಿಗೆಯಾಕಾರ ಮಾಡುವುದು. ಎಂಜಿನ್ ಮೌಂಟಿಂಗ್‌ನಿಂದ ಗೇರ್‌ಬಾಕ್ಸ್ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ತನಕವಾದರೂ ಮಾಡಿಸಿ. ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡ್ ಎಳೆಯಬಾರದು, ಶಾಖಕ್ಕೆ ತೊಲೆ ಬಾಗುತ್ತೆ. ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು ಹಾಕಿ, ತಣಿಯಲು ಬಿಟ್ಟು ಮುಂದುವರಿಯಬೇಕು. ಅದಕ್ಕೂ ಮುಂಚೆ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದ ಮಣ್ಣು, ಗ್ರೀಸ್ ಎಲ್ಲ ತೆಗೆದು ಬರಿಯ ಲೋಹ ಕಾಣುವ ಹಾಗೆ ಉಜ್ಜಿ. ರಿವೆಟ್ ತೂತಿನ ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿದ್ದರೂ ಆಗ ಕಾಣುತ್ತೆ.

ಹಳೇ ಎಫ್-100ಗಳಿಗೆ 2003ರಿಂದ 2011ರ ಫೋರ್ಡ್ ಕ್ರೌನ್ ವಿಕ್ಟೋರಿಯಾದ ಮುಂದಿನ ಸಸ್ಪೆನ್ಷನ್ ಅನ್ನು ಇಡಿಯಾಗಿ ಕೂರಿಸುವುದು ತುಂಬಾ ಚಾಲ್ತಿಯಲ್ಲಿದೆ. ಅಲ್ಯೂಮಿನಿಯಂ ಕ್ರಾಸ್‌ಮೆಂಬರ್, ಪವರ್ ರ್‍ಯಾಕ್ ಸ್ಟೀರಿಂಗ್, ದೊಡ್ಡ ಡಿಸ್ಕ್ ಬ್ರೇಕ್ ಮೂರೂ ಒಟ್ಟಿಗೆ ಬರುತ್ತವೆ. ಚಕ್ರಗಳ ನಡುವಿನ ಅಗಲ ಜಾಸ್ತಿ ಆಗುವುದರಿಂದ ವೀಲ್ ಆಫ್‌ಸೆಟ್ ನೋಡಿ ಕೊಳ್ಳಬೇಕು, ಇಲ್ಲದಿದ್ದರೆ ಟೈರ್ ಫೆಂಡರ್‌ಗೆ ತಾಗುತ್ತೆ.

ಬಾನೆಟ್ ಮುಚ್ಚುತ್ತಾ?

ಸಾಮಾನ್ಯವಾಗಿ ಮುಚ್ಚುತ್ತೆ, ಆದರೆ ಅಳೆಯದೆ ನಂಬಬೇಡಿ. ಖಾಲಿ ಬ್ಲಾಕ್ ಇಟ್ಟು ಅಳೆಯುವುದು ಸಾಲದು, ಸೂಪರ್‌ಚಾರ್ಜರ್ ಮತ್ತು ಅದರ ಮುಚ್ಚಳ ಸಮೇತ ಕೂರಿಸಿ ನೋಡಬೇಕು. ಮುಚ್ಚಳದ ನಾಲ್ಕು ಮೂಲೆಗೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ. ಚಪ್ಪಟೆಯಾದ ಉಂಡೆಯ ದಪ್ಪವೇ ಉಳಿದಿರುವ ಜಾಗ. 25 ಮಿ.ಮೀ. ಆದರೂ ಇರಲಿ. ಜೋರು ಕೊಟ್ಟಾಗ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತೆ.

ಜಾಗ ಸಾಲದಿದ್ದರೆ ಮೊದಲು ಎಂಜಿನ್ ಇಳಿಸಲು ನೋಡಿ. ಆಗ ಅಡ್ಡ ಬರುವುದು ಕೆಳಗಿನ ಕ್ರಾಸ್‌ಮೆಂಬರ್ ಮತ್ತು ಆಯಿಲ್ ಚೇಂಬರ್. ಚೇಂಬರ್‌ನ ಆಳದ ಭಾಗ ಹಿಂದಕ್ಕೆ ಇರುವಂಥದ್ದು ಬೇಕು, ಜೊತೆಗೆ ಅದಕ್ಕೆ ಹೊಂದುವ, ಆಯಿಲ್ ಎಳೆಯುವ ಪಿಕಪ್ ಪೈಪನ್ನೇ ಹಾಕಬೇಕು. ಬೇರೆಯದರ ಪೈಪ್ ಹಾಕಿದರೆ ಆಯಿಲ್ ಎಳೆಯದೆ ಬೇರಿಂಗ್ ಕೈ ಕೊಡುತ್ತೆ. ಎಂಜಿನ್‌ನ ಕೆಳಗೆ ಪಕ್ಕದಲ್ಲಿ ಕೂರುವ ಎಸಿ ಕಂಪ್ರೆಸರ್ ಚಾಸಿ ತೊಲೆಗೆ ಬಡಿಯುವುದೂ ಸಾಮಾನ್ಯ. ಅದನ್ನು ಮೇಲಕ್ಕೆ ಎತ್ತುವ ಬ್ರಾಕೆಟ್ ಬರುತ್ತೆ. ತೊಲೆಯನ್ನು ಕೊರೆಯಲು ಹೋಗಬೇಡಿ. ಬಾನೆಟ್ ಕತ್ತರಿಸುವುದು ಎಲ್ಲಕ್ಕಿಂತ ಕೊನೆಯ ದಾರಿ. ಕತ್ತರಿಸಲೇಬೇಕಾದರೆ ಇನ್ನೊಂದು ಬಾನೆಟ್ ತಂದು ಅದನ್ನು ಕತ್ತರಿಸಿ, ಮೂಲದ್ದನ್ನು ಬಟ್ಟೆ ಸುತ್ತಿ ಎತ್ತಿಡಿ.

ಇಂಟರ್‌ಕೂಲರ್‌ಗೆ ಬೇರೆ ರೇಡಿಯೇಟರ್ ಬೇಕಾ? ಎಂಜಿನ್ ರೇಡಿಯೇಟರ್‌ಗೇ ಸೇರಿಸಬಹುದಾ?

ಬೇರೆಯೇ ಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ, ಯಾಕೆಂದರೆ ಕೆಲಸ ಮುಗಿದ ಮೇಲೆ ಜನ ಜಾಸ್ತಿ ಒದ್ದಾಡುವುದು ಇಲ್ಲೇ.

ಸೈಕಲ್ ಪಂಪ್ ಒತ್ತುತ್ತಾ ಹೋದರೆ ಅದರ ತುದಿ ಬಿಸಿಯಾಗುತ್ತಲ್ಲ, ಅದೇ ಕಥೆ. ಗಾಳಿ ಹಿಂಡಿದರೆ ಬಿಸಿ ಆಗುತ್ತೆ. 25 ಡಿಗ್ರಿ ಗಾಳಿಯನ್ನು 9 ಪಿಎಸ್‌ಐ ಒತ್ತಡಕ್ಕೆ ಹಿಂಡಿದರೆ, ಯಾವ ನಷ್ಟವೂ ಇಲ್ಲದ ಲೆಕ್ಕದಲ್ಲೇ ಸುಮಾರು 44 ಡಿಗ್ರಿ ಏರುತ್ತೆ. ಸೂಪರ್‌ಚಾರ್ಜರ್‌ನ ದಕ್ಷತೆ ಶೇ. 65 ಅಂತ ಇಟ್ಟುಕೊಂಡರೆ ಏರಿಕೆ 68 ಡಿಗ್ರಿ. ಅಂದರೆ ಹೊರಬರುವ ಗಾಳಿ 90 ಡಿಗ್ರಿ ದಾಟಿತು. ಇಷ್ಟು ಬಿಸಿ ಗಾಳಿ ಸಿಲಿಂಡರ್‌ಗೆ ಹೋದರೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿಯುತ್ತೆ. ಅದನ್ನೇ ನಾಕಿಂಗ್ ಅನ್ನುವುದು. ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡ ಕೂಡಲೇ ಕಂಪ್ಯೂಟರ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, ಶಕ್ತಿ ಇಳಿಯುತ್ತೆ.

ಎಂಜಿನ್ ಕೂಲೆಂಟ್ 90 ಡಿಗ್ರಿಯ ಆಸುಪಾಸಿನಲ್ಲೇ ಓಡುತ್ತೆ. 90 ಡಿಗ್ರಿ ಗಾಳಿಯನ್ನು 90 ಡಿಗ್ರಿ ನೀರಿನಿಂದ ತಣಿಸಲು ಆಗಲ್ಲ. ಹಾಗಾಗಿ ಇಂಟರ್‌ಕೂಲರ್‌ಗೆ ತನ್ನದೇ ಹೀಟ್ ಎಕ್ಸ್‌ಚೇಂಜರ್, ತನ್ನದೇ ಎಲೆಕ್ಟ್ರಿಕ್ ಪಂಪ್, ತನ್ನದೇ ಟ್ಯಾಂಕ್. ಎಲ್ಲಕ್ಕಿಂತ ಮುಂದೆ ಆ ಎಕ್ಸ್‌ಚೇಂಜರ್, ಅದರ ಹಿಂದೆ ಎಸಿ ಕಂಡೆನ್ಸರ್, ಕೊನೆಗೆ ಎಂಜಿನ್ ರೇಡಿಯೇಟರ್. ಹಳೇ ಪಿಕಪ್‌ಗಳ ಅಗಲವಾದ ಗ್ರಿಲ್ ಈ ವಿಷಯದಲ್ಲಿ ನಮಗೆ ಒಂದು ವರ. ಕಾರಿನಲ್ಲಿ ಸಿಗದಷ್ಟು ದೊಡ್ಡ ಎಕ್ಸ್‌ಚೇಂಜರ್ ಕೂರಿಸಬಹುದು.

ಪಂಪ್ ಯಾವಾಗಲೂ ಟ್ಯಾಂಕ್‌ಗಿಂತ ಕೆಳಗಿರಲಿ. ನೀರು ತುಂಬಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಒಂದನ್ನೇ ಓಡಿಸಿ, ಟ್ಯಾಂಕ್‌ನ ಮುಚ್ಚಳ ತೆಗೆದು ನೋಡುತ್ತಾ ಇರಿ. ಮೊದಲು ದೊಡ್ಡ ಗುಳ್ಳೆಗಳು ಬುಳುಬುಳು ಅಂತ ಬರುತ್ತವೆ, ಆಮೇಲೆ ಹಾಲಿನ ನೊರೆ ತರದ ಸಣ್ಣವು, ಕೊನೆಗೆ ನೀರಿನ ಮೇಲ್ಮೈ ಒಂದೇ ಸಮ ಸುಳಿಯುತ್ತೆ. ಟ್ರಕ್‌ನ ಮೂತಿಯನ್ನು ಸ್ವಲ್ಪ ಎತ್ತಿ ಇನ್ನೊಮ್ಮೆ ಓಡಿಸಿದರೆ ಸೂಪರ್‌ಚಾರ್ಜರ್ ಮುಚ್ಚಳದೊಳಗೆ ಸಿಕ್ಕಿಕೊಂಡ ಗಾಳಿಯೂ ಹೊರಬರುತ್ತೆ. ಈ ಗಾಳಿ ಉಳಿದರೆ ಎಷ್ಟು ದೊಡ್ಡ ಎಕ್ಸ್‌ಚೇಂಜರ್ ಹಾಕಿದ್ದರೂ ಪ್ರಯೋಜನ ಇಲ್ಲ.

ಎಂಜಿನ್ ರೇಡಿಯೇಟರ್ ಬಗ್ಗೆ ಒಂದು ಮಾತು. ಎಲ್‌ಎಸ್ ಎಂಜಿನ್‌ಗಳ ಹೆಡ್‌ನಿಂದ ಆವಿ ಹೊರಹೋಗಲು ಸಣ್ಣ ಪೈಪ್ ಇರುತ್ತೆ. ಹಳೇ ರೇಡಿಯೇಟರ್‌ಗಳಲ್ಲಿ ಅದನ್ನು ಸೇರಿಸುವ ಜಾಗವೇ ಇಲ್ಲ. ಮುಚ್ಚಿ ಬಿಡಬೇಡಿ, ರೇಡಿಯೇಟರ್‌ನ ಮೇಲ್ಭಾಗಕ್ಕೋ ಸರ್ಜ್ ಟ್ಯಾಂಕ್‌ಗೋ ಸೇರಿಸಿ.

ಹಳೇ ಪೆಟ್ರೋಲ್ ಟ್ಯಾಂಕ್ ಇಟ್ಟುಕೊಳ್ಳಬಹುದಾ?

1967ರಿಂದ 1972ರ ಸಿ10 ಮತ್ತು ಅದೇ ಕಾಲದ ಎಫ್-100ಗಳಲ್ಲಿ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಹಿಂದೆ. ಬೆನ್ನ ಹಿಂದೆ ಪೆಟ್ರೋಲ್ ಇಟ್ಟುಕೊಂಡು 550 ಎಚ್‌ಪಿ ಓಡಿಸುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಹಿಂದಿನ ತೊಟ್ಟಿಯ ಕೆಳಗೆ, ಚಾಸಿ ತೊಲೆಗಳ ನಡುವೆ, ಒಳಗೇ ಪಂಪ್ ಇರುವ ಹೊಸ ಟ್ಯಾಂಕ್ ಕೂರಿಸಿ.

ಪಂಪ್ ಎಷ್ಟು ದೊಡ್ಡದು ಬೇಕು? 600 ಎಚ್‌ಪಿ ಸೂಪರ್‌ಚಾರ್ಜ್ಡ್ ಎಂಜಿನ್ ಪೂರ್ತಿ ಜೋರಿನಲ್ಲಿ ಗಂಟೆಗೆ 220 ಲೀಟರ್‌ನಷ್ಟು ಪೆಟ್ರೋಲ್ ಕೇಳುತ್ತೆ. 255 ಲೀಟರ್ ಪಂಪ್ ಸಾಕಲ್ವಾ ಅನ್ನಿಸಬಹುದು. ಸಾಲದು. ಆ ಸಂಖ್ಯೆ ಕಡಿಮೆ ಒತ್ತಡದಲ್ಲಿ, ಪೂರ್ತಿ ವೋಲ್ಟೇಜ್‌ನಲ್ಲಿ ಅಳೆದದ್ದು. ಎಲ್‌ಎಸ್ ಕುಟುಂಬಕ್ಕೆ ಬೇಕಾದ 58 ಪಿಎಸ್‌ಐ ಆಸುಪಾಸಿನಲ್ಲಿ ಹರಿವು ಇಳಿಯುತ್ತೆ. 400 ಲೀಟರ್ ದಾಟಿದ ಒಂದು ಪಂಪ್, ಇಲ್ಲವೇ ಎರಡು ಪಂಪ್ ಹಾಕಿ, ದಪ್ಪ ವೈರ್‌ನಲ್ಲಿ ರಿಲೇ ಮೂಲಕ ಕರೆಂಟ್ ಕೊಡಿ. ಜೋರಿನಲ್ಲಿ ಪೆಟ್ರೋಲ್ ಕೊರತೆ ಆದರೆ ಪಿಸ್ಟನ್ ಕರಗಲು ಕೆಲವೇ ಸೆಕೆಂಡ್ ಸಾಕು.

ಎಲ್‌ಟಿ4 ಆದರೆ ಎಂಜಿನ್‌ನ ಕ್ಯಾಮ್‌ನಿಂದ ಓಡುವ ಪಂಪ್ ಒತ್ತಡವನ್ನು 200 ಬಾರ್ ತನಕ ಏರಿಸುತ್ತೆ. ಆ ಲೋಹದ ಪೈಪುಗಳನ್ನು ಎಂಜಿನ್ ನಿಂತ ಕೂಡಲೇ ಬಿಚ್ಚಲು ಹೋಗಬೇಡಿ.

ಗೇರ್‌ಬಾಕ್ಸ್ ಯಾವುದು?

ಎಂಜಿನ್ ಜೊತೆ ಕಾರಿನಲ್ಲಿ ಬಂದದ್ದೇ ಉತ್ತಮ. ಎಲ್‌ಎಸ್‌ಎಗೆ 6ಎಲ್90 ಆಟೊಮ್ಯಾಟಿಕ್ ಅಥವಾ ಟಿಆರ್6060 ಮ್ಯಾನುಯಲ್, ಹೆಲ್‌ಕ್ಯಾಟ್‌ಗೆ 8 ಗೇರಿನ ಆಟೊಮ್ಯಾಟಿಕ್. ಸ್ವಲ್ಪ ಹಳೆಯ 4ಎಲ್80ಇ ಕೂಡ ಗಟ್ಟಿಮುಟ್ಟು. ಓವರ್‌ಡ್ರೈವ್ ಇಲ್ಲದ ಹಳೇ ಮೂರು ಗೇರಿನದ್ದನ್ನು ಉಳಿಸಿಕೊಳ್ಳುವುದು ಸುಮ್ನೆ ದಂಡ. 3.73 ಅನುಪಾತದ ಆಕ್ಸಲ್, 28 ಇಂಚಿನ ಟೈರ್ ಇದ್ದರೆ 100 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,800 ಆರ್‌ಪಿಎಂ ಸುತ್ತುತ್ತೆ. 6ಎಲ್90ರ ಆರನೇ ಗೇರಿನಲ್ಲಿ ಅದು 1,900ಕ್ಕಿಂತ ಕೆಳಗೆ ಬರುತ್ತೆ. ದೂರದ ಪ್ರಯಾಣದಲ್ಲಿ ಕಿವಿಗೂ ಜೇಬಿಗೂ ವ್ಯತ್ಯಾಸ ಗೊತ್ತಾಗುತ್ತೆ.

ಹಿಂದಿನ ಆಕ್ಸಲ್ ತಡೆಯುತ್ತಾ?

ಫೋರ್ಡ್ 9 ಇಂಚು ಅಥವಾ ಡಾನಾ 60, ಎರಡರಲ್ಲಿ ಒಂದು ಹಾಕಿದರೆ ಚಿಂತೆ ಇಲ್ಲ. ಲೀಫ್ ಸ್ಪ್ರಿಂಗ್ ಟ್ರಕ್‌ಗಳಲ್ಲಿ ಜೋರು ಕೊಟ್ಟಾಗ ಆಕ್ಸಲ್ ತಾನೇ ಹಿಂದಕ್ಕೆ ತಿರುಚಿಕೊಂಡು ಪಟ್ಟಾಗಳು ಎಸ್ ಆಕಾರಕ್ಕೆ ಬಾಗುತ್ತವೆ, ಚಕ್ರ ಧಡಧಡ ಕುಣಿಯುತ್ತೆ. ಟ್ರ್ಯಾಕ್ಷನ್ ಬಾರ್ ಹಾಕಿ. ಹಿಂದೆ ಕಾಯಿಲ್ ಸ್ಪ್ರಿಂಗ್, ಉದ್ದನೆಯ ಟ್ರೇಲಿಂಗ್ ಆರ್ಮ್ ಇರುವ ಸಿ10 ಈ ವಿಷಯದಲ್ಲಿ ಪುಣ್ಯವಂತ.

ಶಾಫ್ಟ್‌ನ ಕೋನ ನೋಡುವುದನ್ನು ಮರೆಯಬೇಡಿ. ಗೇರ್‌ಬಾಕ್ಸ್ ಎಷ್ಟು ಡಿಗ್ರಿ ಕೆಳಗೆ ವಾಲಿದೆಯೋ ಪಿನಿಯನ್ (ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಗೇರ್) ಅಷ್ಟೇ ಡಿಗ್ರಿ ಮೇಲಕ್ಕೆ ನೋಡಬೇಕು. ಎರಡು ಜಾಯಿಂಟ್‌ಗಳ ಕೋನದಲ್ಲಿ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವೇಗದಲ್ಲಿ ಇಡೀ ಗಾಡಿ ನಡುಗುತ್ತೆ.

ವೈರಿಂಗ್ ನಾನೇ ಮಾಡಬಹುದಾ?

ತಾಳ್ಮೆ ಇದ್ದರೆ ಮಾಡಬಹುದು. ಸ್ವಾಪ್‌ಗೆಂದೇ (ಎಂಜಿನ್ ಬದಲಿಸುವುದಕ್ಕೆಂದೇ) ಮಾಡಿದ ಹಾರ್ನೆಸ್, ಅಂದರೆ ಸಿದ್ಧ ವೈರ್ ಕಟ್ಟು, ಕೊಂಡರೆ ಎಂಜಿನ್ ಕಡೆಯ ಕೆಲಸ ಬಹುಪಾಲು ಪ್ಲಗ್ ಚುಚ್ಚುವುದಷ್ಟೇ. ಕಷ್ಟ ಇರುವುದು ಅದನ್ನು ಹಳೇ ಟ್ರಕ್‌ನ ವೈರಿಂಗ್‌ಗೆ ಸೇರಿಸುವ ಕಡೆ.

ಮೊದಲು ಅರ್ಥ್. ಕಾರಣ ಗೊತ್ತಾಗದ ಮಿಸ್‌ಫೈರ್, ಕುಣಿಯುವ ಮೀಟರ್, ಇದ್ದಕ್ಕಿದ್ದ ಹಾಗೆ ಎಂಜಿನ್ ಬಂದ್ ಆಗುವುದು, ಇವುಗಳ ಹಿಂದೆ ಎಷ್ಟೋ ಸಲ ಇರುವುದು ಕೆಟ್ಟ ಅರ್ಥ್. ಬ್ಲಾಕ್‌ನಿಂದ ಬ್ಯಾಟರಿಗೆ, ಬ್ಲಾಕ್‌ನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್‌ಗೆ ದಪ್ಪ ಕೇಬಲ್ ಎಳೆಯಿರಿ. ಬೋಲ್ಟ್ ಕೂರುವ ಕಡೆ ಬಣ್ಣ, ತುಕ್ಕು, ಪೌಡರ್ ಕೋಟಿಂಗ್ ಎಲ್ಲ ಉಜ್ಜಿ, ಲೋಹ ಫಳಫಳ ಹೊಳೆದ ಮೇಲೆ ಬಿಗಿಯಿರಿ. ಆಮೇಲೆ ಮೇಲಿಂದ ಗ್ರೀಸ್ ಸವರಿ.

ಆಲ್ಟರ್ನೇಟರ್ ಎರಡನೆಯದು. 1960ರ ದಶಕದ ಟ್ರಕ್‌ಗೆ 40 ಆಂಪ್ ಆಸುಪಾಸು ಸಾಕಾಗುತ್ತಿತ್ತು. ಈಗ ಎರಡು ಫ್ಯಾನ್, ಎರಡು ಪೆಟ್ರೋಲ್ ಪಂಪ್, ಇಂಟರ್‌ಕೂಲರ್ ಪಂಪ್ ಎಲ್ಲ ಸೇರಿ ಅದರ ಎರಡು ಮೂರು ಪಟ್ಟು ಕೇಳುತ್ತವೆ. ಹಳೇ ಡಾಡ್ಜ್‌ಗಳಲ್ಲಿ ಚಾರ್ಜಿಂಗ್ ಕರೆಂಟ್ ಪೂರ್ತಿ ಡ್ಯಾಶ್‌ಬೋರ್ಡ್‌ನ ಆಂಪ್ ಮೀಟರ್ ಮೂಲಕವೇ ಹಾದು ಹೋಗುತ್ತೆ. ಹೊಸ ಆಲ್ಟರ್ನೇಟರ್ ಅನ್ನು ಆ ವೈರ್‌ಗೆ ಸೇರಿಸಿದರೆ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿ ಹೊತ್ತಿಕೊಳ್ಳಬಹುದು. ಆಂಪ್ ಮೀಟರ್ ಬಿಡಿಸಿ ವೋಲ್ಟ್ ಮೀಟರ್ ಹಾಕಿ.

ಮೂರನೆಯದು ಪೆಡಲ್. ಹೊಸ ಎಂಜಿನ್‌ಗಳಿಗೆ ಎಕ್ಸಲೇಟರ್ ಕೇಬಲ್ ಇಲ್ಲ, ಎಲೆಕ್ಟ್ರಾನಿಕ್ ಪೆಡಲ್. ಅದು ನಿಮ್ಮ ಕಂಪ್ಯೂಟರ್‌ಗೆ ಹೊಂದುವ ಮಾದರಿಯದ್ದೇ ಆಗಿರಬೇಕು. ಬ್ರೇಕ್ ಪೆಡಲ್‌ಗಿಂತ ಸ್ವಲ್ಪ ತಗ್ಗಿನಲ್ಲಿ ಕೂರಿಸಿ. ಕಾಲು ಪೂರ್ತಿ ಒತ್ತಿದಾಗ ಕಾರ್ಪೆಟ್‌ಗೆ ಸಿಕ್ಕಿಕೊಳ್ಳುತ್ತಾ ಅಂತ ಹತ್ತು ಸಲ ನೋಡಿ.

ಹಳೇ ಮೀಟರ್‌ಗಳು ಕೆಲಸ ಮಾಡುತ್ತವಾ?

ಹಾಗೇ ಮಾಡಲ್ಲ. ಆದರೆ ಹಳೇ ಡಯಲ್‌ಗಳನ್ನು ಉಳಿಸಿಕೊಂಡು ಒಳಗೆ ಎಲೆಕ್ಟ್ರಾನಿಕ್ ಯಂತ್ರ ಹಾಕಿಸಬಹುದು, ಕೇಬಲ್ ಸ್ಪೀಡೋಮೀಟರ್ ತಿರುಗಿಸುವ ಮೋಟಾರ್ ಪೆಟ್ಟಿಗೆಯೂ ಬರುತ್ತೆ. ಡ್ಯಾಶ್‌ಬೋರ್ಡ್‌ನ ಮುಖ ಹಳೆಯದಾಗೇ ಉಳಿದರೆ ಟ್ರಕ್‌ನ ಆತ್ಮ ಉಳಿದ ಹಾಗೆ ಅಂತ ನಾನು ನಂಬುತ್ತೇನೆ.

ಪವರ್ ಸ್ಟೀರಿಂಗ್ ಪಂಪ್ ಇಲ್ಲದ ಎಂಜಿನ್ ಸಿಕ್ಕಿದೆ, ಏನು ಮಾಡಲಿ?

ಬಹುಶಃ ಕಮಾರೊ ಝಡ್‌ಎಲ್1ರದ್ದು ಇರಬೇಕು. ಆ ಕಾರಿಗೆ ಎಲೆಕ್ಟ್ರಿಕ್ ಸ್ಟೀರಿಂಗ್, ಹಾಗಾಗಿ ಎಂಜಿನ್ ಮೇಲೆ ಪಂಪ್ ಇಲ್ಲ. ಸಿಟಿಎಸ್-ವಿಯದ್ದಕ್ಕೆ ಇರುತ್ತೆ. ಪಂಪ್ ಮತ್ತು ಬ್ರಾಕೆಟ್ ಸೇರಿಸಬಹುದು, ಬೆಲ್ಟ್ ಸಾಲು ನೇರ ಇದೆಯಾ ಅಂತ ಸ್ಕೇಲ್ ಇಟ್ಟು ನೋಡಿ.

ಚಿಕ್ಕ ಪುಲ್ಲಿ ಹಾಕಿದರೆ ಶಕ್ತಿ ಇನ್ನೂ ಜಾಸ್ತಿ ಆಗುತ್ತಂತೆ?

ಆಗುತ್ತೆ. ಸೂಪರ್‌ಚಾರ್ಜರ್ ಜೋರಾಗಿ ಸುತ್ತಿ ಒತ್ತಡ ಏರುತ್ತೆ, ಅದರ ಜೊತೆ ಬಿಸಿಯೂ ಏರುತ್ತೆ. ಟ್ಯೂನಿಂಗ್, ಪೆಟ್ರೋಲ್, ಕೂಲಿಂಗ್ ಮೂರೂ ಬದಲಾಗಬೇಕು. ಕಾರ್ಖಾನೆಯ ಪುಲ್ಲಿಯಲ್ಲೇ ಒಂದು ಬೇಸಿಗೆ ಪೂರ್ತಿ ಓಡಿಸಿ. ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲದ ಖಾಲಿ ಪಿಕಪ್‌ಗೆ 556 ಎಚ್‌ಪಿಯೇ ಹೇಗಿರುತ್ತೆ ಅಂತ ಆಗ ಗೊತ್ತಾಗುತ್ತೆ.

ಮೈಲೇಜ್ ಪೂರ್ತಿ ಹಾಳಾಗುತ್ತಾ?

ಅಂದುಕೊಂಡಷ್ಟು ಇಲ್ಲ. ಹಗುರವಾಗಿ ಓಡಿಸುವಾಗ ಬೈಪಾಸ್ ವಾಲ್ವ್ ತೆರೆದಿರುತ್ತೆ, ಹಿಂಡಿದ ಗಾಳಿ ಮತ್ತೆ ಒಳದಾರಿಗೇ ಸುತ್ತಿ ಬರುತ್ತೆ, ಸೂಪರ್‌ಚಾರ್ಜರ್ ಹೆಚ್ಚು ಶಕ್ತಿ ತಿನ್ನುವುದಿಲ್ಲ. ಕಾರ್ಬ್ಯುರೇಟರ್ ಕಾಲದ ದೊಡ್ಡ ವಿ8ಗಿಂತ ಒಳ್ಳೆಯ ಮೈಲೇಜ್ ಬರುವುದೂ ಉಂಟು. ಆದರೆ ಪೆಟ್ರೋಲ್ ಮಾತ್ರ ಪ್ರೀಮಿಯಂ ಆಗಿರಲೇಬೇಕು.

ಕಾನೂನು ಒಪ್ಪುತ್ತಾ?

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇಲ್ಲ. 1976 ಮತ್ತು ನಂತರದವಾದರೆ ಎಂಜಿನ್ ಗಾಡಿಯಷ್ಟೇ ಅಥವಾ ಅದಕ್ಕಿಂತ ಹೊಸ ವರ್ಷದ್ದಾಗಿರಬೇಕು, ಆ ಎಂಜಿನ್‌ನ ಹೊಗೆ ನಿಯಂತ್ರಣ ಭಾಗಗಳೆಲ್ಲ ಜೊತೆಗಿರಬೇಕು. ಬೇರೆ ಕಡೆ ಇರುವವರು ಎಂಜಿನ್ ಕೊಳ್ಳುವ ಮೊದಲೇ ತಮ್ಮ ನೋಂದಣಿ ಕಚೇರಿಯಲ್ಲಿ ಕೇಳಿ. ವಿಮೆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ನೋಡಬೇಕು?

ಇಂಜೆಕ್ಟರ್ ಮತ್ತು ಕಾಯಿಲ್ ಫ್ಯೂಸ್ ತೆಗೆದು, ಆಯಿಲ್ ಒತ್ತಡ ಏರುವ ತನಕ ಸ್ಟಾರ್ಟರ್‌ನಿಂದ ಬರೀ ಸುತ್ತಿಸಿ. ಒಂದೇ ಸಮ ಸುತ್ತಿಸಬೇಡಿ, ಸ್ಟಾರ್ಟರ್‌ಗೂ ಉಸಿರು ಬೇಕು. ಆಮೇಲೆ ಪೆಟ್ರೋಲ್ ಪಂಪ್ ಮಾತ್ರ ಓಡಿಸಿ, ಒಬ್ಬರು ಟಾರ್ಚ್ ಹಿಡಿದು ಟ್ಯಾಂಕ್‌ನಿಂದ ಇಂಜೆಕ್ಟರ್ ತನಕ ಪ್ರತಿ ಜಾಯಿಂಟ್ ನೋಡಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಕಡೆ ಇರಲಿ.

ಸ್ಟಾರ್ಟ್ ಆದ ಮೇಲೆ ಎಕ್ಸಲೇಟರ್ ಒತ್ತಿ ಮೆರೆಯುವುದು ಬೇಡ. ಆಯಿಲ್ ಒತ್ತಡ, ಕೂಲೆಂಟ್ ಬಿಸಿ, ಒಳಗೆ ಹೋಗುವ ಗಾಳಿಯ ಬಿಸಿ ಮೂರನ್ನೂ ನೋಡುತ್ತಾ ಐಡ್ಲಿಂಗ್‌ನಲ್ಲಿ ಬಿಡಿ. ಮಾಸ್ ಏರ್‌ಫ್ಲೋ ಸೆನ್ಸರ್ ಕೂತ ಪೈಪ್ ಬದಲಾಗಿದ್ದರೆ ಕಾರಿನ ಮೂಲ ಟ್ಯೂನಿಂಗ್ ಸರಿಹೋಗುವುದಿಲ್ಲ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನಿಂಗ್ ಆಗುವ ತನಕ ಪೂರ್ತಿ ಜೋರು ಕೊಡಲೇಬೇಡಿ.

ಆಮೇಲೆ?

ಮೊದಲ 100 ಕಿ.ಮೀ. ಆದ ಮೇಲೆ ಟ್ರಕ್ ಎತ್ತಿ ಮೌಂಟಿಂಗ್, ಶಾಫ್ಟ್, ಸ್ಟೀರಿಂಗ್ ಜಾಯಿಂಟ್, ಹೆಡರ್ ಬೋಲ್ಟ್ ಎಲ್ಲ ಮತ್ತೆ ಬಿಗಿಯಿರಿ. ಇಂಟರ್‌ಕೂಲರ್ ಟ್ಯಾಂಕ್‌ನಲ್ಲಿ ನೀರು ಇಳಿದಿರುತ್ತೆ, ತುಂಬಿಸಿ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಹೆಡರ್ ಹತ್ತಿರ ಹಾದುಹೋಗುವ ಕಡೆ ಕರಗಿದ ಗುರುತು ಇದೆಯಾ ನೋಡಿ, ಇದ್ದರೆ ದಾರಿ ಬದಲಿಸಿ ಶಾಖ ತಡೆಯುವ ಹೊದಿಕೆ ಹಾಕಿ. ಆಯಿಲ್ ಬದಲಿಸಿ, ಹಳೇ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಲೋಹದ ಚೂರು ಹೊಳೆಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಏನೂ ಇಲ್ಲದಿದ್ದರೆ 500 ಕಿ.ಮೀ.ಗೆ ಇದೇ ಪಟ್ಟಿ ಇನ್ನೊಂದು ಸಲ.